ಹೊಳೆ ದಾಟಬಾರದ ಜೀಪು

ಚನ್ನಗಿರಿ
14 ಜೂನ್ 1979

ತಿಪ್ಪೇರುದ್ರಸ್ವಾಮಿ ಮೇಷ್ಟರಿಗೆ,

ನಿನ್ನೆಯೂ ಅದೇ ಕನಸು ಬಿತ್ತು. ಅಂಗಳದಲ್ಲಿ ಜೀಪು ತೊಳೆಯುತ್ತಿದ್ದೇನೆ. ಕೊಡಗಟ್ಟಲೆ ಸುರಿದರೂ ಹರಿಯುವ ನೀರು ಕೆಂಪಗೇ ಇದೆ. ತಲೆ ಎತ್ತಿದರೆ ಸ್ಟೇರಿಂಗಿನ ಹಿಂದೆ ಕೂತಿರುವುದು ನಮ್ಮ ಯಜಮಾನರಲ್ಲ, ಮಗ ಮುರುಗೇಶ. ಕುತ್ತಿಗೆ ಅರ್ಧ ಕಡಿದು ಜೋತಾಡುತ್ತಿದ್ದರೂ ಹಾರನ್ ಒತ್ತುತ್ತಲೇ ಇದ್ದಾನೆ. ಎಚ್ಚರವಾದ ಮೇಲೂ ಆ ಸದ್ದು ಕಿವಿಯಿಂದ ಹೋಗಲಿಲ್ಲ. ಅವನು ಮಲಗಿದ್ದಲ್ಲಿಗೆ ಹೋಗಿ ಕುತ್ತಿಗೆ ಮುಟ್ಟಿ ನೋಡಿ ಬಂದೆ.

ನಾನು ಯಾರೆಂದು ಹೇಳದೆಯೇ ಶುರು ಮಾಡಿಬಿಟ್ಟೆ. ಅಡಿಕೆ ಮಂಡಿ ಬಸವರಾಜಪ್ಪನವರ ಹೆಂಡತಿ, ಶಿವಗಂಗಮ್ಮ. ಎರಡು ವರ್ಷದ ಹಿಂದೆ ನಮ್ಮ ಮಂಡಿಯ ಕುರ್ಚಿಗಳಿಗೆ ಬೆತ್ತ ಹೆಣೆಯಲು ನೀವೂ ನಿಮ್ಮ ಅಂಧರ ಆಶ್ರಮದವರೂ ಬಂದಿದ್ದಿರಿ. ಬೆತ್ತದ ಹೊರೆ ನೋಡಿ ಬಸ್ಸಿನವರು ಅರ್ಧ ದಾರಿಯಲ್ಲೇ ಇಳಿಸಿದ್ದರಿಂದ ಒಬ್ಬರ ಹೆಗಲು ಒಬ್ಬರು ಹಿಡಿದು ನಡೆದೇ ಬಂದಿದ್ದಿರಿ.

ಹೋದ ವರ್ಷ ಯಜಮಾನರು ತೀರಿಹೋದರು. ನ್ಯಾಮತಿ ಸಂತೆಯ ದಿನ, ಹಾಡಹಗಲು, ಜೀಪಿನಲ್ಲಿ ಕೂತವರನ್ನು ಕೂತಲ್ಲೇ ಕಡಿದು ಹಾಕಿದರು. ಅವರು ಹಾರನ್ ಮೇಲೆಯೇ ಬಿದ್ದಿದ್ದರಂತೆ. ಜೊತೆಗಿದ್ದ ನಮ್ಮ ಆಳು ದಾಸಪ್ಪ ಎದೆಗೆ ಕೈಕೊಟ್ಟು ಎತ್ತುವವರೆಗೂ ಅದು ಕೂಗುತ್ತಲೇ ಇತ್ತಂತೆ. ಕಡಿದವನು ಜೈಲಿನಲ್ಲಿದ್ದಾನೆ. ಅವನ ಅಪ್ಪನೂ ತಮ್ಮನೂ ಊರಲ್ಲೇ ಇದ್ದಾರೆ.

ಪೊಲೀಸರು ಜೀಪನ್ನು ವಾಪಸು ಕೊಟ್ಟಂದಿನಿಂದ ಮುರುಗೇಶ ಬೆಳಗಾದರೆ ಅದರಲ್ಲಿ ಕೂತು ಇಂಜಿನ್ ಚಾಲೂ ಮಾಡುತ್ತಾನೆ. ಎಲ್ಲಿಗೂ ಹೋಗುವುದಿಲ್ಲ. ಹೋಗುವ ದಿನ ಬಂದರೆ ಅವನು ಹೋಗುವುದು ಒಂದೇ ಊರಿಗೆ. ಕಡಿದು ಬರುತ್ತಾನೋ, ಕಡಿಸಿಕೊಂಡು ಬರುತ್ತಾನೋ, ಎರಡರಲ್ಲಿ ಯಾವುದಾದರೂ ನನಗೆ ಮಗ ಉಳಿಯುವುದಿಲ್ಲ. ಅದಕ್ಕೇ ಈ ಜೀಪನ್ನು ನಿಮ್ಮ ಆಶ್ರಮಕ್ಕೆ ದಾನ ಕೊಡುತ್ತೇನೆ. ತೆರಿಗೆಯ ತಾಪತ್ರಯಕ್ಕೆಂದು ಯಜಮಾನರು ಅದನ್ನು ನನ್ನ ಹೆಸರಿಗೇ ಮಾಡಿಸಿದ್ದರು. ಯಾರನ್ನೂ ಕೇಳಬೇಕಾಗಿಲ್ಲ.

ಮೂರು ಮಾತು ನಡೆಸಿಕೊಡಬೇಕು. ಬಣ್ಣ ಬದಲಾಯಿಸಿ. ಹಾರನ್ ಕಿತ್ತು ಹಾಕಿ. ಹೊನ್ನಾಳಿಯ ಹೊಳೆ ಮಾತ್ರ ದಾಟಿಸಬೇಡಿ. ಯಾಕೆಂದು ಬರೆಯುವಂತಿಲ್ಲ. ನಿಮಗೆ ಬರೆದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕಲ್ಲ, ಅಲ್ಲಿ ಯಾರು ಯಾರು ಕೂತು ಕೇಳುತ್ತಾರೋ.

ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದರು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಶಿವಗಂಗಮ್ಮ


ಜಗಳೂರು
27 ಜೂನ್ 1979

ತಾಯಿ ಶಿವಗಂಗಮ್ಮನವರಿಗೆ ಶರಣು.

ನಿಮ್ಮ ಪತ್ರವನ್ನು ನಮ್ಮ ಅಡುಗೆಯ ಲಕ್ಷ್ಮಕ್ಕ ಓದಿದಳು. ನಮ್ಮ ಆಶ್ರಮದಲ್ಲಿ ಕಣ್ಣು, ಅಕ್ಷರ ಎರಡೂ ಇರುವವಳು ಅವಳೊಬ್ಬಳೇ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಜಗಲಿಯ ಮೇಲೆ ಎಲ್ಲರೂ ಇದ್ದೆವು. ನಿಮ್ಮ ಯಜಮಾನರ ಸುದ್ದಿ ಬಂದಾಗ ಎಲ್ಲರೂ ಬೆತ್ತ ಕೆಳಗಿಟ್ಟರು.

ಜೀಪಿನ ಮಾತು ಬಂದಾಗ ಮೊದಲು ಎದ್ದು ನಿಂತವನು ಪಾಲಣ್ಣ. ನಮ್ಮಲ್ಲಿ ಅವನಷ್ಟು ಬಿಗಿಯಾಗಿ ಹೆಣೆಯುವವರು ಇನ್ನೊಬ್ಬರಿಲ್ಲ. ಹೋದ ತಿಂಗಳು ಕಂಡಕ್ಟರೊಬ್ಬ ಬೆತ್ತದ ಹೊರೆಯನ್ನೂ ಅವನನ್ನೂ ಒಟ್ಟಿಗೆ ಬಸ್ಸಿನಿಂದ ನೂಕಿದ. ಗದ್ದ ಸೀಳಿತು, ಮುಂದಿನ ಹಲ್ಲು ಹೋದವು. ಹಲ್ಲಿಲ್ಲದ ಬಾಯಲ್ಲೇ ಅವನು ಹೇಳಿದ್ದನ್ನು ಹಾಗೆಯೇ ಬರೆಸುತ್ತೇನೆ: “ಇನ್ನು ಮ್ಯಾಲೆ ಆ ಕಂಡಕ್ಟ್ರು ದಾರ್ಯಾಗೆ ಕೈ ಅಡ್ಡ ಹಾಕಿದ್ರೂ ನಾವು ನಿಲ್ಸಾದಿಲ್ಲ.”

ಊರಲ್ಲಿ ಕೂತರೆ ನಮಗೆ ಕೆಲಸವಿಲ್ಲ, ತಾಯಿ. ಕಚೇರಿ, ಶಾಲೆಗಳ ಕುರ್ಚಿ ಇಲ್ಲಿಗೆ ಬರುವುದಿಲ್ಲ, ನಾವೇ ಅವುಗಳ ಬಳಿಗೆ ಹೋಗಬೇಕು. ನಿಮ್ಮ ಜೀಪು ಬಂದರೆ ಭಿಕ್ಷೆಗೆಂದು ಯಾರೂ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬೇಕಾಗಿಲ್ಲ.

ನಮ್ಮಲ್ಲಿ ಬಣ್ಣ ಕೇಳುವವರು ಯಾರೂ ಇಲ್ಲ, ಆದರೂ ಬಳಿಸುತ್ತೇವೆ. ಜೀಪು ತರಲು ನಮ್ಮೂರಿನ ಡ್ರೈವರ್ ಸಣ್ಣತಿಮ್ಮಪ್ಪ ಬರುತ್ತಾನೆ.

ತಿಪ್ಪೇರುದ್ರಸ್ವಾಮಿ

ಇದು ಲಕ್ಷ್ಮಕ್ಕ ಬರೆಯುವುದು, ಮೇಷ್ಟರಿಗೆ ಗೊತ್ತಿಲ್ಲ. ಬಣ್ಣ ಕಾಣುವವರು ನಾನೂ ಡ್ರೈವರೂ ಇಬ್ಬರೇ. ಅವನನ್ನು ಕೇಳದೆ ಹಸಿರು ಎಂದು ತೀರ್ಮಾನ ಮಾಡಿದ್ದೇನೆ.


ಚನ್ನಗಿರಿ
15 ಜುಲೈ 1979

ಮೇಷ್ಟರಿಗೆ,

ಜೀಪು ಸುರಕ್ಷಿತವಾಗಿ ಮುಟ್ಟಿತೋ ಇಲ್ಲವೋ ಒಂದು ಸಾಲೂ ಬರಲಿಲ್ಲ. ದಾರಿಯಲ್ಲಿ ಏನಾದರೂ ಆಯಿತೋ ಎಂದು ದಿನಕ್ಕೊಂದು ಯೋಚನೆ.

ಮುರುಗೇಶ ಶಿವಮೊಗ್ಗಕ್ಕೆ ಹೋಗಿದ್ದ ದಿನ ನೋಡಿಯೇ ಸಣ್ಣತಿಮ್ಮಪ್ಪನಿಗೆ ಕೀಲಿಕೈ ಕೊಡಿಸಿದ್ದೆ. ಸಂಜೆ ಬಂದವನು ಬರಿದಾದ ಜಾಗ ನೋಡಿ ದಾಸಪ್ಪನನ್ನು ಕರೆದ. ಅಮ್ಮಾರು ಕೊಡಾಕೆ ಹೇಳಿದ್ರು ಎಂದು ದಾಸಪ್ಪ ಹೇಳಿ ಮುಗಿಸುವುದರೊಳಗೆ ಜಾಕಿಯ ಕಬ್ಬಿಣದ ಹಿಡಿಯಿಂದ ಅವನ ಮೊಣಕಾಲಿಗೆ ಹೊಡೆದ. ಒಣಗಿದ ಸೌದೆ ಮುರಿದಂತೆ ಸದ್ದಾಯಿತು. ಬಿದ್ದವನ ಬೆನ್ನಿಗೆ, ತಲೆಗೆ ಬಾರಿಸಿದ. ನಾನು ದಾಸಪ್ಪನ ಮೇಲೆ ಅಡ್ಡ ಬಿದ್ದೆ. ಮೇಲೆ ಹೋಗಿದ್ದ ಕೈ ನನ್ನ ನೆತ್ತಿಯ ಹತ್ತಿರ ಬಂದು ನಿಂತಿತು.

“ಅಪ್ಪನ ರಕ್ತ ಕುಡಿದ ಗಾಡಿ ಅದು. ಅದ್ರಾಗೇ ಹೋಗಿ, ಅವ್ರ ತಲೆನೂ ಅದ್ರಾಗೇ ತರ್ತಿದ್ದೆ. ಅಂಥಾದ್ದನ್ನ ಕುರುಡ್ರಿಗೆ ಕೊಟ್ಯಲ್ಲ ಅವ್ವಾ” ಎಂದ.

ಆಮೇಲೆ ತಾನೇ ದಾಸಪ್ಪನನ್ನು ಹೊತ್ತು ಆಸ್ಪತ್ರೆಗೆ ಕರೆದೊಯ್ದ. ಅವನು ಹಾಗೆಯೇ, ಅಪ್ಪನ ಹಾಗೆ. ಹೊಡೆದವನೂ ಅವನೇ, ಹೊತ್ತವನೂ ಅವನೇ. ಮಂಡಿ ಸಾಹುಕಾರನ ಮಗ ಸೇಡಿಗೆ ಬಸ್ಸಿನಲ್ಲಿ ಹೋಗುವುದು ಅವಮಾನ ಎಂದುಕೊಂಡಿದ್ದಾನೆ, ಅಷ್ಟರ ಮಟ್ಟಿಗೆ ಸದ್ಯಕ್ಕೆ ಮನೆಯಲ್ಲಿದ್ದಾನೆ.

ಹಾರನ್ ತೆಗೆದಿರಾ? ಆ ಮೂರು ಸ್ವರದ ಹಾರನ್ ಈ ಸೀಮೆಯಲ್ಲಿ ಬೇರೆ ಯಾವ ಗಾಡಿಗೂ ಇಲ್ಲ.

ಶಿವಗಂಗಮ್ಮ


ಜಗಳೂರು
3 ಆಗಸ್ಟ್ 1979

ತಾಯಿಯವರಿಗೆ ಶರಣು.

ಜೀಪು ಬಂದಿದೆ, ಹಸಿರು ಬಣ್ಣವಾಗಿದೆಯಂತೆ. ತಡವಾಗಿ ಬರೆಯುವುದಕ್ಕೆ ಮನ್ನಿಸಿ. ದಾಸಪ್ಪನ ಕಾಲು ಕೂಡಲಿ ಎಂದು ಎಲ್ಲರೂ ಬೇಡಿಕೊಂಡಿದ್ದೇವೆ.

ಹಾರನ್ ಬಗ್ಗೆ ನೀವು ಮುನಿಸಿಕೊಳ್ಳಬಾರದು. ಒಂದು ದಿನ ಚಿತ್ರದುರ್ಗದಲ್ಲಿ ಕೆಲಸ ಮುಗಿಸಿ ರಸ್ತೆಗೆ ಬಂದಾಗ ನಾಲ್ಕಾರು ಗಾಡಿಗಳು ನಿಂತಿದ್ದವು. ನಮ್ಮದು ಯಾವುದೆಂದು ನಮಗೆ ತಿಳಿಯುವುದು ಹೇಗೆ? ಪಾಲಣ್ಣ ಬೇರೆ ಯಾರದೋ ವ್ಯಾನು ಹತ್ತಿ ಒದೆ ತಿಂದು ಇಳಿದ. ಈಗ ಸಣ್ಣತಿಮ್ಮಪ್ಪ ಆ ಮೂರು ಸ್ವರ ಬಾರಿಸಿದರೆ ಎಲ್ಲಿದ್ದವರೂ ಯಾರ ಕೈಯೂ ಹಿಡಿಯದೆ ನೆಟ್ಟಗೆ ಬಂದು ಹತ್ತುತ್ತಾರೆ. ಹುಟ್ಟಿದಾಗಿನಿಂದ ಹೀಗೆ ತಾವಾಗಿಯೇ ನಡೆದು ಗಾಡಿ ಹತ್ತಿದವರಲ್ಲ ಇವರು. ಅದನ್ನು ಕೀಳಲು ನನಗೆ ಕೈ ಬರಲಿಲ್ಲ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಯಜಮಾನರ ಕೊನೆಯ ಗಳಿಗೆಯಲ್ಲಿ ಕೂಗಿದ ಸದ್ದು ಅದು. ಆದರೆ ಜಗಳೂರಿನಿಂದ ಚನ್ನಗಿರಿಗೆ ಅದು ಕೇಳಿಸುವುದಿಲ್ಲ, ತಾಯಿ. ಅಲ್ಲಿ ಅಳಿಸಿದ್ದು ಇಲ್ಲಿ ನಗಿಸುತ್ತಿದೆ ಎಂದುಕೊಳ್ಳಿ.

ಹೊಳೆಯ ಮಾತಿಗೂ ಬೆಲೆ ಕೊಟ್ಟಿದ್ದೇವೆ. ಹೊನ್ನಾಳಿಯಿಂದ ಕರೆ ಬಂದು ತಿಂಗಳಾಯಿತು, ಹೊಳೆಯಾಚೆಯ ಗೋವಿನಕೋವಿ ಶಾಲೆಯ ಕುರ್ಚಿಗಳೂ ಕಾಯುತ್ತಿವೆ. ತುಂಬಿದ ಹೊಳೆಗೆ ಹೆದರಿ ನೀವು ಹಾಗೆ ಬರೆದಿರಬೇಕು. ಹೊನ್ನಾಳಿ ಸೇತುವೆ ಗಟ್ಟಿಯಾಗಿದೆ ಎಂದು ಸಣ್ಣತಿಮ್ಮಪ್ಪ ಹೇಳುತ್ತಾನೆ. ಆದರೂ ದೀಪಾವಳಿ ಕಳೆದು ನೀರು ಇಳಿದ ಮೇಲೆಯೇ ಹೋಗುತ್ತೇವೆ.

ತಿಪ್ಪೇರುದ್ರಸ್ವಾಮಿ


ಚನ್ನಗಿರಿ
26 ಅಕ್ಟೋಬರ್ 1979

ಲಕ್ಷ್ಮಕ್ಕನಿಗೆ,

ಇದನ್ನು ಜಗಲಿಯಲ್ಲಿ ಓದಬೇಡ. ಮೊದಲು ನೀನೊಬ್ಬಳೇ ಓದು, ಆಮೇಲೆ ಮೇಷ್ಟರ ಕಿವಿಯಲ್ಲಿ ಹೇಳು. ಎಷ್ಟು ಸಲ ಬರೆದು ಹರಿದಿದ್ದೇನೆ ಎಂದರೆ ಒಲೆ ಹೊತ್ತಿಸಲು ಬೇರೆ ಕಾಗದ ಬೇಕಾಗಲಿಲ್ಲ. ಗೊತ್ತಾದರೆ ನೀವು ಜೀಪು ವಾಪಸು ಕಳಿಸುತ್ತೀರಿ, ಮುರುಗೇಶ ಅದರಲ್ಲಿ ಹೊರಡುತ್ತಾನೆ ಎಂಬ ಹೆದರಿಕೆಗೆ ಸುಮ್ಮನಿದ್ದೆ. ಹಬ್ಬ ಕಳೆಯಿತು, ಇನ್ನು ಸುಮ್ಮನಿರಲು ಆಗುವುದಿಲ್ಲ.

ಗೋವಿನಕೋವಿಯಲ್ಲಿ ಕಲ್ಲೇಶಪ್ಪ ಎಂಬ ಮುದುಕನಿದ್ದಾನೆ. ನಮಗೆ ಕೊಡುತ್ತೇನೆಂದ ಅಡಿಕೆಯನ್ನು ಬೇರೆಯವರಿಗೆ ಕೊಟ್ಟ. ಯಜಮಾನರು ಆಳುಗಳನ್ನು ತುಂಬಿಕೊಂಡು ಜೀಪಿನಲ್ಲಿ ಹೋದರು. ಅವನ ಮನೆಗೆ ಬಳಿಯಲು ಸುಣ್ಣ ಅರಳಿಸಿ ಇಟ್ಟಿದ್ದರಂತೆ. ಮಾಲು ಯಾರದೆಂದು ನಿನಗೆ ಕಾಣಲಿಲ್ಲವೇ ಎಂದು ಕೇಳಿ, ನಾಲ್ವರು ಹಿಡಿದುಕೊಂಡಿರುವಾಗ, ಆ ಬಿಸಿ ಸುಣ್ಣವನ್ನು ಅವನ ಎರಡೂ ಕಣ್ಣಿಗೆ ತುಂಬಿ ರೆಪ್ಪೆ ಒತ್ತಿ ಹಿಡಿದರಂತೆ. ಅವನ ಕೂಗು ಹೊರಗೆ ಕೇಳಬಾರದೆಂದು ಒಬ್ಬ ಜೀಪಿನ ಹಾರನ್ ಒತ್ತಿಕೊಂಡೇ ಇದ್ದನಂತೆ. ಅಂದು ಯಜಮಾನರು ಮನೆಗೆ ಬಂದು, “ಕೈಗೆ ಕೊಬ್ರಿ ಎಣ್ಣೆ ಹಾಕು, ಸುಣ್ಣ ಸುಡಾಕ್ ಹತ್ತೈತೆ” ಎಂದರು. ನಾನು ಎಣ್ಣೆ ಹಾಕಿದೆ. ಉಳಿದದ್ದನ್ನು ದಾಸಪ್ಪ ಹೇಳಿದ.

ಆ ಕಲ್ಲೇಶಪ್ಪನ ಹಿರಿಮಗನೇ ನ್ಯಾಮತಿಯಲ್ಲಿ ಯಜಮಾನರನ್ನು ಕಡಿದವನು. ಜೀಪಿಗೆ ಯಾವ ಬಣ್ಣ ಬಳಿದರೂ ಆ ಮುದುಕನಿಗೆ ಕಾಣುವುದಿಲ್ಲ. ಆದರೆ ಆ ಸದ್ದು ಅವನು ಮರೆಯುತ್ತಾನೆಯೇ? ಗೋವಿನಕೋವಿಗೆ ಹೋಗಬೇಡಿ. ಕಾಲಿಗೆ ಬೀಳುತ್ತೇನೆ.

ಶಿವಗಂಗಮ್ಮ


ಜಗಳೂರು
11 ನವೆಂಬರ್ 1979

ಅಮ್ಮಾ,

ಇದು ನಾನೇ, ಲಕ್ಷ್ಮಕ್ಕ. ಯಾರೂ ಹೇಳಿ ಬರೆಸುತ್ತಿಲ್ಲ. ಹೇಳುವವರು ಇನ್ನೂ ಹೊನ್ನಾಳಿ ಆಸ್ಪತ್ರೆಯಲ್ಲಿದ್ದಾರೆ.

ಅವರು ಸೋಮವಾರ ಹೊರಟರು. ನಿಮ್ಮ ಪತ್ರ ಮಂಗಳವಾರ ಬಂತು. ಓದಿದವಳು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಇಳಿದಾಗ ಎತ್ತಿನ ಗಾಡಿಯಲ್ಲಿ ಪಾಲಣ್ಣನನ್ನು ತರುತ್ತಿದ್ದರು. ಅಷ್ಟರಲ್ಲೇ ಅವನು ಹೋಗಿದ್ದ.

ಸಣ್ಣತಿಮ್ಮಪ್ಪ ಹೇಳಿದ್ದನ್ನು ಬರೆಯುತ್ತೇನೆ. ಗೋವಿನಕೋವಿಯ ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತಂತೆ. ಹಾರನ್ ಒತ್ತಿದ. ಸರಿಯಲಿಲ್ಲ, ಮತ್ತೆ ಒತ್ತಿದ. ಪಕ್ಕದ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ ಮುದುಕ ಎದ್ದು ನಿಂತು, ಬಸವರಾಜನ ಜೀಪು ಬಂತು, ಮಗ ಬಂದವ್ನೆ ಎಂದು ಒಳಗೆ ಕೂಗಿದ. ಮಚ್ಚು ಹಿಡಿದು ಬಂದ ಕಿರಿಮಗ ಒಂದು ಗಳಿಗೆ ನಿಂತನಂತೆ. ಅಪ್ಪಾ, ಇದು ಹಸಿರು ಜೀಪು ಎಂದನಂತೆ.

“ಬಣ್ಣ ನಿಂಗಿರ್ಲಿ. ಆ ಸದ್ದು ನಂಗೊತ್ತು.”

ಆಮೇಲೆ ಎಲ್ಲ ಕಡೆಯಿಂದ ಬಂದರು. ಜೀಪಿನ ಪಕ್ಕಕ್ಕೆ ಪರದೆ ಕಟ್ಟಿದ್ದರಿಂದ ಒಳಗೆ ಯಾರೆಂದು ನೋಡುವ ಗೋಜಿಗೇ ಹೋಗಲಿಲ್ಲ, ಪರದೆಯ ಮೇಲಿಂದಲೇ ಕಡಿದರು. ಸಣ್ಣತಿಮ್ಮಪ್ಪ ಅಡ್ಡ ಕೊಟ್ಟ ಬಲಗೈಯ ಬೆರಳು ಸೀಟಿನ ಮೇಲೆ ಉದುರಿದವು. ಪಾಲಣ್ಣ ಬೆತ್ತ ಕದಿಯಲು ಬಂದವರೆಂದು ತಿಳಿದು ಹೊರೆಯನ್ನು ಎದೆಗೆ ಅವಚಿಕೊಂಡ. “ಬೆತ್ತ ಮುಟ್ಬ್ಯಾಡ್ರೋ, ಹೊಟ್ಟೆಪಾಡು ಅದು” ಎಂದು ಬೇಡಿಕೊಂಡ. ಏಟು ಯಾವ ಕಡೆಯಿಂದ ಬರುತ್ತದೆಂದು ತಿಳಿಯದೆ, ಸದ್ದು ಬಂದ ಕಡೆಗೆಲ್ಲ ಮುಖ ತಿರುಗಿಸಿದ. ಮುಖದ ಮೇಲೆಯೇ ಬಿದ್ದವು. ಬೆತ್ತವೂ ಅವನೂ ಒಟ್ಟಿಗೆ ತುಂಡಾದರು ಅಮ್ಮಾ. ನಾನೇ ಮೈ ತೊಳೆದದ್ದು. ಕೆನ್ನೆಯಿಂದ ಬೆತ್ತದ ಸಿಬಿರು ತೆಗೆದೆ.

ಮೇಷ್ಟರ ಹೆಗಲು ಎಲುಬಿನವರೆಗೆ ಸೀಳಿ, ಕಾಲು ಹಿಡಿದು ರಸ್ತೆಗೆ ಎಳೆದರು. ಆಗ ಆ ಮುದುಕ ಎಲ್ಲರನ್ನೂ ತಡೆದನಂತೆ. “ಇವನ್ನ ನಂಗೆ ಬಿಡ್ರಿ. ಕಣ್ಣು ನಾನೇ ಕೀಳ್ತೀನಿ.” ಎದೆಯ ಮೇಲೆ ಕೂತು ಎರಡೂ ಹೆಬ್ಬೆರಳಿನಿಂದ ಕಣ್ಣು ಹುಡುಕಿದ. ಮೇಷ್ಟರಿಗೆ ಹುಟ್ಟಿನಿಂದಲೂ ಕಣ್ಣುಗುಡ್ಡೆಯೇ ಇಲ್ಲ. ಬೆರಳು ಒಳಗೆ ಹೋಯಿತು, ಏನೂ ಸಿಗಲಿಲ್ಲ. ಬೆರಳು ತೆಗೆದು ಮತ್ತೆ ತಡಕಿದ ಎಂದು ಮೇಷ್ಟರು ಹೇಳುತ್ತಾರೆ.

“ಇವ್ನಿಗೆ ಕಣ್ಣೇ ಇಲ್ಲ ಕಣ್ರೋ” ಎಂದನಂತೆ. ಎದ್ದು ಜೀಪಿನೊಳಗೆ ತಡಕಾಡಿ, ತಲೆಯ ಮೇಲೆ ಕೈಹೊತ್ತು ಕೂತಿದ್ದ ಒಬ್ಬೊಬ್ಬರ ಮುಖವನ್ನೂ ಮುಟ್ಟಿದ. ಪಾಲಣ್ಣನದನ್ನೂ ಮುಟ್ಟಿದ. ಆಮೇಲೆ ರಸ್ತೆಯಲ್ಲೇ ಕುಸಿದು ಕೂತ.

ಹಾರನ್ ನಾನೇ ಕಿತ್ತು ಹೊಳೆಗೆ ಎಸೆದೆ. ನೀವು ಮೊದಲೇ ಬರೆಯಬೇಕಿತ್ತು. ಜಗಲಿಯಲ್ಲಿ ಓದಬೇಡ ಎಂದಿದ್ದರೆ ನಾನು ಓದುತ್ತಿರಲಿಲ್ಲ. ನನ್ನನ್ನು ಏನೆಂದು ತಿಳಿದಿದ್ದಿರಿ?

ಲಕ್ಷ್ಮಕ್ಕ


ಜಗಳೂರು
22 ಜನವರಿ 1980

ತಾಯಿಯವರಿಗೆ ಶರಣು.

ಲಕ್ಷ್ಮಕ್ಕನ ಕೋಪ ಇನ್ನೂ ಇಳಿದಿಲ್ಲ, ಆದರೂ ಬರೆದುಕೊಡುತ್ತಿದ್ದಾಳೆ. ನಿಮ್ಮಿಂದ ಪತ್ರವಿಲ್ಲ. ನಿಮ್ಮ ಮಗನಿಗಾಗಿ ಹುಡುಕುತ್ತಿರಬೇಕು. ಗಾಬರಿಯಾಗಬೇಡಿ, ಅವನು ನಮ್ಮಲ್ಲಿದ್ದಾನೆ.

ಸಂಕ್ರಾಂತಿಯ ಮಾರನೆಯ ದಿನ ಬಂದ. ಬಸ್ಸಿನಲ್ಲೇ ಬಂದನಂತೆ. ಕೈಯಲ್ಲಿ ಗೋಣಿಚೀಲ. ಜೀಪು ಕೊಡಿ, ನಿಮ್ಮ ಲೆಕ್ಕವನ್ನೂ ಸೇರಿಸಿ ತೀರಿಸಿ ಬರ್ತೀನಿ ಎಂದ. ನಾನು ಬೇಡವೆನ್ನಲಿಲ್ಲ, ಕೂರಿಸಿ ನಡೆದದ್ದೆಲ್ಲ ಹೇಳಿದೆ. ಆ ಮುದುಕನ ಹೆಬ್ಬೆರಳಿನ ಮಾತು ಬಂದಾಗ ಅವನ ಉಸಿರು ಬದಲಾಯಿತು. ಊಟ ಮಾಡಲಿಲ್ಲ. ಬೆಳಿಗ್ಗೆ ಚೀಲದಿಂದ ಮರದ ಹಿಡಿಯ ಉದ್ದನೆಯ ಮಚ್ಚು ತೆಗೆದು ಲಕ್ಷ್ಮಕ್ಕನ ಮುಂದಿಟ್ಟ. ಅವಳು ಅದರಲ್ಲಿ ಸೌದೆ ಸೀಳುತ್ತಿದ್ದಾಳೆ.

ಬೆರಳಿಲ್ಲದ ಸಣ್ಣತಿಮ್ಮಪ್ಪನಿಗೆ ಸ್ಟೇರಿಂಗು ಹಿಡಿಯಲಾಗುವುದಿಲ್ಲ. ಪೊಲೀಸರು ಬಿಟ್ಟುಕೊಟ್ಟ ಜೀಪನ್ನು ಈಗ ನಿಮ್ಮ ಮಗನೇ ಓಡಿಸುತ್ತಾನೆ. ಗುಂಡಿ ಬಂದರೆ ಮೊದಲೇ ಹೇಳುತ್ತಾನೆ, ಎಲ್ಲರನ್ನೂ ನಗಿಸುತ್ತಾನೆ. ಪಾಲಣ್ಣನ ಚಾಪೆಯ ಮೇಲೆ ಮಲಗುತ್ತಾನೆ.

ಫೆಬ್ರವರಿ ನಾಲ್ಕು, ಸೋಮವಾರ, ಹೊನ್ನಾಳಿ ಕೋರ್ಟಿನಲ್ಲಿ ನನ್ನ ಸಾಕ್ಷಿ ಇದೆ. ಕಿರಿಮಗ ಜೈಲಿನಲ್ಲಿದ್ದಾನೆ. ಕುರುಡನೆಂದು ಕಲ್ಲೇಶಪ್ಪನಿಗೆ ಜಾಮೀನು ಸಿಕ್ಕಿದೆ, ಅವನೂ ಬರುತ್ತಾನೆ. ಕರೆದೊಯ್ಯುತ್ತೇನೆಂದು ಮುರುಗೇಶನೇ ಕೇಳಿಕೊಂಡ. ಆ ಮುದುಕ ಎಲ್ಲಿ ಕೂರ್ತಾನೆ, ಹತ್ತಿರ ಹೋಗಾಕೆ ಬಿಡ್ತಾರಾ ಎಂದು ವಿಚಾರಿಸಿದ. ಅಪ್ಪನ ಪರವಾಗಿ ಕ್ಷಮೆ ಕೇಳುವ ಮನಸ್ಸಿರಬೇಕು ಎಂದು ನನ್ನ ಎಣಿಕೆ. ಇನ್ನು ನೀವು ನೆಮ್ಮದಿಯಾಗಿ ನಿದ್ದೆ ಮಾಡಿ.

ತಿಪ್ಪೇರುದ್ರಸ್ವಾಮಿ


ಚನ್ನಗಿರಿ
29 ಜನವರಿ 1980

ಲಕ್ಷ್ಮಕ್ಕನಿಗೆ,

ಈ ಸಲವೂ ಜಗಲಿಯಲ್ಲಿ ಓದಬೇಡ. ಅವನು ಅಲ್ಲೇ ಇರುತ್ತಾನೆ. ಅವನು ಬೀಡಿಗೋ ಪೆಟ್ರೋಲಿಗೋ ಹೋದಾಗ ಮೇಷ್ಟರಿಗೆ ಹೇಳು. ಲಕೋಟೆಯ ಮೇಲೆ ನಿನ್ನ ಹೆಸರನ್ನೇ ಹಾಕಿಸಿದ್ದೇನೆ, ಅಕ್ಷರ ನೋಡಿ ಅವನು ಗುರುತು ಹಿಡಿಯದಿರಲಿ ಎಂದು ದಾಸಪ್ಪನ ಮಗಳ ಕೈಯಲ್ಲಿ ಬರೆಸಿದ್ದೇನೆ.

ಪಾಲಣ್ಣನ ವಿಷಯಕ್ಕೆ ನಾನು ಏನು ಬರೆದರೂ ಕಡಿಮೆಯೇ. ನಿನ್ನ ಪತ್ರ ಬಂದಂದಿನಿಂದ ಉತ್ತರ ಬರೆಯಲು ಕೂತು ಏಳುತ್ತಿದ್ದೇನೆ. ಆ ಮಾತು ಮುಖಾಮುಖಿ ಆಡುತ್ತೇನೆ, ನೀನು ಬೈದರೆ ಬೈಸಿಕೊಳ್ಳುತ್ತೇನೆ.

ಮುರುಗೇಶ ಬದುಕಿದ್ದಾನೆ ಎಂದು ಓದಿ ದೇವರ ಮುಂದೆ ದೀಪ ಹಚ್ಚಿದೆ. ಬತ್ತಿ ಹೊಸೆಯುವಾಗಲೇ ಅಟ್ಟದ ನೆನಪಾಯಿತು. ಒಂದೇ ಮಚ್ಚಿನ ಮಾತು ಬರೆದಿದ್ದೀರಲ್ಲ. ನಮ್ಮ ಅಟ್ಟದಲ್ಲಿ ಯಜಮಾನರು ಇಟ್ಟಿದ್ದು ಎರಡು. ನಾನೇ ಏಣಿ ಹತ್ತಿ ನೋಡಿದೆ, ಎರಡೂ ಇಲ್ಲ. ಬಣವೆ ಕೆದಕಿಸಿದೆ, ಬಾವಿಗೆ ಪಾತಾಳಗರಡಿಯ ಕೊಕ್ಕೆ ಬಿಟ್ಟು ಹುಡುಕಿಸಿದೆ. ಎರಡೂ ಆ ಗೋಣಿಚೀಲದಲ್ಲೇ ಹೋದವು ಎಂದು ದಾಸಪ್ಪ ಆಣೆ ಮಾಡಿ ಹೇಳುತ್ತಾನೆ. ನಿನ್ನ ಮುಂದಿಟ್ಟದ್ದು ಉದ್ದನೆಯದು. ಇನ್ನೊಂದು ಮೊಳಕ್ಕಿಂತ ಗಿಡ್ಡ, ಕೊಂಬಿನ ಹಿಡಿ, ಪಂಚೆಯೊಳಗೆ ಸಿಕ್ಕಿಸಿದರೆ ಕಾಣುವುದಿಲ್ಲ. ಯಜಮಾನರು ಯಾವಾಗಲೂ ಒಯ್ಯುತ್ತಿದ್ದುದು ಅದನ್ನೇ.

ಅವನು ನಿಜವಾಗಿಯೂ ಬದಲಾಗಿರಬಹುದು. ನನ್ನದು ಯಾವಾಗಲೂ ಕೆಟ್ಟ ಯೋಚನೆ ಎಂದು ಅವನೇ ಬೈಯುತ್ತಾನೆ. ಇದೂ ಹಾಗೆಯೇ ಇರಲಿ. ಆದರೆ ಕ್ಷಮೆ ಕೇಳುವವನಿಗೆ ಆ ಮುದುಕ ಎಲ್ಲಿ ಕೂರುತ್ತಾನೆ ಎಂಬುದು ಮೊದಲೇ ಯಾಕೆ ಬೇಕು?

ಸೋಮವಾರ ನಾನು ಹೊನ್ನಾಳಿಗೆ ಬರುತ್ತೇನೆ. ಬೆಳಗಿನ ಮೊದಲ ಬಸ್ಸಿಗೇ ಬಂದು ಕೋರ್ಟಿನ ಮುಂದೆ ಕಲ್ಲೇಶಪ್ಪ ಕೂತಲ್ಲಿ ಅವನ ಪಕ್ಕದಲ್ಲೇ, ಮೈಗೆ ಮೈ ತಾಗಿಸಿ ಕೂರುತ್ತೇನೆ. ಯಾರೆಂದು ಕೇಳಿದರೆ ಹೇಳುತ್ತೇನೆ. ಎದ್ದು ಹೋಗು ಎಂದರೂ ಏಳುವುದಿಲ್ಲ. ಮುರುಗೇಶ ಬರುವುದಾದರೆ ನನ್ನನ್ನು ದಾಟಿ ಬರಬೇಕು. ದಾಸಪ್ಪನ ಮೇಲೆ ಬಿದ್ದಾಗ ಅವನ ಕೈ ನಿಂತಿತ್ತು. ಇನ್ನೊಂದು ಸಲ ನಿಲ್ಲುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ.

ಅಲ್ಲಿಯವರೆಗೆ ಹೋಗದ ಹಾಗೆ ನೀವೇ ಮಾಡಬಹುದು. ಜೀಪು ಹೊರಡುವ ಮೊದಲು ಆ ಗಿಡ್ಡ ಮಚ್ಚು ಎಲ್ಲಿದೆ ನೋಡಿ. ಪಾಲಣ್ಣನ ಚಾಪೆಯ ಕೆಳಗೆ, ಟೂಲ್ಸ್ ಪೆಟ್ಟಿಗೆಯಲ್ಲಿ, ಸ್ಟೆಪ್ನಿಯ ಹಿಂದೆ. ನೀನು ನೋಡಿದ್ದೀಯೆಂದರೆ ಸಾಲದು ಲಕ್ಷ್ಮಕ್ಕ. ಕಣ್ಣಿದ್ದವರ ಮುಂದೆ ಅವನು ನಗುನಗುತ್ತಲೇ ಮುಚ್ಚಿಡುತ್ತಾನೆ. ಮೇಷ್ಟರು ಹತ್ತುವಾಗ ಆಸರೆಗೆಂಬಂತೆ ಅವನ ಸೊಂಟ ಹಿಡಿದುಕೊಳ್ಳಲಿ. ಒಂದು ಸಲ ಹಿಡಿದು ಏನೂ ಇಲ್ಲ ಎನಿಸಿದರೆ, ದಯವಿಟ್ಟು ಇನ್ನೊಂದು ಸಲ, ಎಡಗಡೆ, ಬೆನ್ನಿನ ಹತ್ತಿರ ಮುಟ್ಟಿ ನೋಡಲಿ.

ಶಿವಗಂಗಮ್ಮ